ನೀಲಿ ದೀಪ ಆರಿಸಿದವನು

"ಗುರುಗಳೇ, ತಪ್ಪು ಮಾಡಿದವನು ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಕಲ್ಲೇಶ ಕೇಳಿದ. "ಹೇಳದೆಯೂ ತೀರಿಸಬಹುದಲ್ಲ. ನೊಂದವನಿಗೆ ಒಂದಕ್ಕೆ ಎರಡರಷ್ಟು ಒಳ್ಳೆಯದು ಮಾಡಿದರೆ ಸಾಲದೇ?"

ಸಂಜೆಯ ಪಾಠ ಆಗಷ್ಟೇ ಮುಗಿದಿತ್ತು. ಅದು ಊರಾಚೆಯ ಒಂದು ಮಠ. ಅಲ್ಲಿ ಯುವಕರಿಗೆ ಊಟ, ವಸತಿ ಕೊಟ್ಟು ಕಂಪ್ಯೂಟರ್ ಯಂತ್ರಗಳ ನಿರ್ವಹಣೆ ಕಲಿಸುತ್ತಿದ್ದರು. ಅಂದಿನ ಪಾಠ ಸರ್ವರ್ ಯಂತ್ರದ ದೀಪಗಳದ್ದು ಮತ್ತು ಗುಂಡಿಗಳದ್ದು. ಉಳಿದವರು ಊಟದ ಎಲೆ ಹಾಕಲು ಹೋಗಿದ್ದರು. ಕಲ್ಲೇಶ ಮಾತ್ರ ಉಳಿದಿದ್ದ.

"ಯಾರ ವಿಷಯ ಕೇಳುತ್ತಿದ್ದೀಯ?" ಎಂದರು ಗುರುಗಳು.

"ಯಾರದ್ದೂ ಅಲ್ಲ. ಹೀಗೇ ಕೇಳಿದೆ."



ಹಿಂದಿನ ಹುಣ್ಣಿಮೆಯ ಬೆಳಿಗ್ಗೆ ಮಠದ ಉಗ್ರಾಣದ ಬಾಗಿಲು ತೆರೆದಿತ್ತು. ಕೋತಿಗಳು ಒಳಗೆ ನುಗ್ಗಿ ಬೆಲ್ಲ, ಕಡಲೆಕಾಯಿ ಎಲ್ಲವನ್ನೂ ಚೆಲ್ಲಾಡಿದ್ದವು. ಅಂದು ದಾಸೋಹಕ್ಕೆ ಪಾಯಸವಾಗಲಿಲ್ಲ. ಉಗ್ರಾಣಕ್ಕೆ ಬೀಗ ಹಾಕುವ ಕೆಲಸ ಮರುಳಯ್ಯನೆಂಬ ಶಿಷ್ಯನದು. "ಹಾಕಿದ್ದೆ" ಎಂದು ಅವನು ಹೇಳಿದ. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ಎಲ್ಲರ ಕೈಗೂ ಸಿಗುವಂತೆ ತೂಗುತ್ತಿತ್ತು. ಆದರೂ ಬೇರೆಯವರನ್ನು ಯಾರೂ ಕೇಳಲಿಲ್ಲ. ಮರುಳಯ್ಯನನ್ನು ಯಾರೂ ಬಯ್ಯಲೂ ಇಲ್ಲ. ಎಲ್ಲರಿಗಿಂತ ಮೊದಲು ಸಮಾಧಾನ ಹೇಳಿದವನು ಕಲ್ಲೇಶ. "ಮರೆತಿರ್ತೀಯ, ಬಿಡೋ. ಯಾರು ಮರೆಯಲ್ಲ?" ಎಂದಿದ್ದ.

ಅಂದಿನಿಂದ ಮರುಳಯ್ಯನ ಪಾಲಿನ ನೀರನ್ನು ಕಲ್ಲೇಶನೇ ಸೇದುತ್ತಿದ್ದ. ಅವನ ಪಾಲಿನ ಅಂಗಳವನ್ನೂ ಗುಡಿಸುತ್ತಿದ್ದ. "ಏನೋ ಮರುಳಯ್ಯ, ಮನೆಗೆ ಸೊಸೆ ಬಂದ್ಲಾ?" ಎಂದು ಉಳಿದವರು ನಗುತ್ತಿದ್ದರು. ಮರುಳಯ್ಯ ನಗುತ್ತಿರಲಿಲ್ಲ. ಅವನು ದಿನವೂ ಸಂಜೆ ಬೀಗ ಹಾಕಿ, ಸ್ವಲ್ಪ ದೂರ ಹೋಗಿ, ಹಿಂದಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದ.

"ಕುಳಿತುಕೋ" ಎಂದರು ಗುರುಗಳು. ಕತೆ ಹೇಳಿದರು.

ಒಂದು ದೊಡ್ಡ ಆಸ್ಪತ್ರೆ ಇತ್ತು. ಅದರ ನೆಲಮಾಳಿಗೆಯಲ್ಲಿ ಸರ್ವರ್ ಕೋಣೆ. ರಕ್ತಪರೀಕ್ಷೆಯ ಫಲಿತಾಂಶ, ಸ್ಕ್ಯಾನಿನ ಚಿತ್ರ, ವೈದ್ಯರು ಬರೆದ ಔಷಧ, ಎಲ್ಲವೂ ಆ ಕೋಣೆಯ ಯಂತ್ರಗಳನ್ನು ಹಾದೇ ಹೋಗಬೇಕು. ಯಂತ್ರಗಳನ್ನು ಕಬ್ಬಿಣದ ರ‍್ಯಾಕುಗಳಲ್ಲಿ ಒಂದರ ಮೇಲೊಂದು ಜೋಡಿಸಿದ್ದರು. ಕೋಣೆಗೆ ಒಬ್ಬ ಮೇಲ್ವಿಚಾರಕ. ಅವನ ಕೈಕೆಳಗೆ ಕೆಲವರು ಕೆಲಸಗಾರರು.

ಹೊಸದಾಗಿ ಬಂದವನ ಕೈಗೆ ಮೇಲ್ವಿಚಾರಕ ಸ್ಕ್ರೂಡ್ರೈವರ್ ಕೊಡುತ್ತಿರಲಿಲ್ಲ. ಮೊದಲು ಯಂತ್ರದ ಮುಂದೆ ನಿಲ್ಲಿಸಿ ದೀಪಗಳನ್ನು ಓದಲು ಕಲಿಸುತ್ತಿದ್ದ. ಹಸಿರು ಇದ್ದರೆ ಯಂತ್ರ ಕ್ಷೇಮ. ಕಿತ್ತಳೆ ಬಂದರೆ ಯಂತ್ರಕ್ಕೆ ಏನೋ ಹೇಳುವುದಿದೆ, ನಿಂತು ಕೇಳಬೇಕು. ಕೆಂಪು ಬಂದರೆ ನಿಂತು ಕೇಳುವ ಹೊತ್ತು ಮೀರಿದೆ. ತುದಿಯಲ್ಲಿರುವ ಗುಂಡಿ ವಿದ್ಯುತ್ತಿನದು. ಅದನ್ನು ಒಮ್ಮೆ ತಟ್ಟಿದರೆ ಯಂತ್ರ ಕೈಯಲ್ಲಿದ್ದ ಕೆಲಸ ಮುಗಿಸಿ ಮಲಗುತ್ತದೆ. ಒತ್ತಿ ಹಿಡಿದರೆ ಮಾತಿನ ನಡುವೆ ಕತ್ತು ಹಿಸುಕಿದಂತೆ. ಆದ್ದರಿಂದ ತಟ್ಟಬೇಕು, ಕಾಯಬೇಕು.

ಅದರ ಪಕ್ಕದಲ್ಲಿ ತೊಗರಿಬೇಳೆಯಷ್ಟು ಚಿಕ್ಕದಾದ ಇನ್ನೊಂದು ಗುಂಡಿ. ಅದನ್ನು ಒತ್ತಿದರೆ ನೀಲಿ ದೀಪ ಹತ್ತುತ್ತದೆ. ಯಂತ್ರದ ಮುಂದೆ ಒಂದು, ಅದೇ ಯಂತ್ರದ ಹಿಂದೆ ಒಂದು, ಎರಡೂ ಒಟ್ಟಿಗೆ. ಮತ್ತೆ ಒತ್ತಿದರೆ ಎರಡೂ ಆರುತ್ತವೆ. ನೀಲಿ ದೀಪ ಯಂತ್ರದ ಆರೋಗ್ಯವನ್ನು ಹೇಳುವುದಿಲ್ಲ. 'ಇದೇ' ಎನ್ನುವುದಷ್ಟೇ ಅದರ ಅರ್ಥ. ಒಬ್ಬ ಮನುಷ್ಯ ಇನ್ನೊಂದು ಕಡೆಯ ಮನುಷ್ಯನಿಗೆ ಹೇಳುವ ಮಾತು ಅದು.

ಆ ಮಾತಿನ ಅಗತ್ಯವಿತ್ತು. ಕೇಬಲ್ಲುಗಳಿರುವುದು ಯಂತ್ರದ ಹಿಂದೆ. ಕೆಲಸಗಾರ ಮುಂದೆ ನಿಂತು ಯಂತ್ರವನ್ನು ಗುರುತಿಸಿ, ರ‍್ಯಾಕುಗಳ ಸಾಲನ್ನು ಸುತ್ತಿಕೊಂಡು ಹಿಂದಕ್ಕೆ ಹೋಗಬೇಕು. ಹಿಂದಿನಿಂದ ಎಲ್ಲ ಯಂತ್ರಗಳೂ ಒಂದೇ. ಅಂಟಿಸಿದ ಹೆಸರಿನ ಚೀಟಿಗಳು ಅಲ್ಲಿನ ಬಿಸಿಗಾಳಿಗೆ ಸುರುಟಿ ಉದುರುತ್ತವೆ. ಮಲಗಿಸಿದ ಯಂತ್ರದ ಹಿಂದೆಯೂ ಕೇಬಲ್ ಇರುವವರೆಗೆ ಒಂದು ಹಸಿರು ಚುಕ್ಕೆ ಉಳಿದಿರುತ್ತದೆ. ಗುರುತಿಗೆ ಇರುವುದು ನೀಲಿ ದೀಪವೊಂದೇ.

ಅದಕ್ಕಾಗಿ ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಮುಂದೆ ದೀಪ ಹಚ್ಚು. ಹಿಂದೆ ಹೋಗಿ ದೀಪ ನೋಡು. ನೋಡಿದ ಯಂತ್ರದ ಮೇಲೆ ಎಡಗೈ ಇಡು. ಇಟ್ಟ ಕೈ ತೆಗೆಯದೆ ಬಲಗೈಯಿಂದ ಕೇಬಲ್ ಎಳೆ. ಕೆಲಸ ಮುಗಿದ ಮೇಲೆ ಹಚ್ಚಿದವನೇ ಬಂದು ಆರಿಸಬೇಕು. ಒಬ್ಬರು ಹಚ್ಚಿದ ನೀಲಿ ದೀಪವನ್ನು ಇನ್ನೊಬ್ಬರು ಮುಟ್ಟಬಾರದು. ಈ ಕಟ್ಟಳೆ ಮಾಡಿದವನು ಮೇಲ್ವಿಚಾರಕನೇ.

ಕೆಲಸಗಾರರಲ್ಲಿ ಒಬ್ಬನ ಕಣ್ಣು ಬಹಳ ಚುರುಕು. ಬಾಗಿಲಲ್ಲಿ ನಿಂತೇ "ಸಾರ್, ಕೊನೇ ಸಾಲಲ್ಲಿ ಕಿತ್ತಳೆ ಬಂದಿದೆ" ಎನ್ನುತ್ತಿದ್ದ. ಹೋಗಿ ನೋಡಿದರೆ ಬಂದಿರುತ್ತಿತ್ತು. "ಹೆಣ್ಣು ನೋಡೋಕೆ ಹೋಗೋರು ಇವನ್ನ ಕರ್ಕೊಂಡು ಹೋಗ್ರಪ್ಪ. ಮೂಗುತಿ ಚಿನ್ನದ್ದೋ ಹಿತ್ತಾಳೆದೋ ರಸ್ತೆಯಿಂದಲೇ ಹೇಳ್ತಾನೆ" ಎಂದು ಜೊತೆಯವರು ಹಾಸ್ಯ ಮಾಡುತ್ತಿದ್ದರು. ಅವನಿಗೆ ಅದು ಹೆಮ್ಮೆ.

ಒಂದು ದಿನ ಆಸ್ಪತ್ರೆಯ ಮುಖ್ಯಸ್ಥರು ಅತಿಥಿಗಳನ್ನು ಕರೆತರುವವರಿದ್ದರು. ಹಿಂದಿನ ಸಲ ಬಂದ ಅತಿಥಿಯೊಬ್ಬರು ಗಾಜಿನ ಗೋಡೆಯಾಚೆ ನಿಂತು, ಒಂದು ದೀಪವನ್ನು ತೋರಿಸಿ, "ಅದೊಂದು ಯಾಕೆ ಬೇರೆ ಬಣ್ಣ?" ಎಂದು ಕೇಳಿದ್ದರು. ಮುಖ್ಯಸ್ಥರಿಗೆ ಉತ್ತರ ತಿಳಿದಿರಲಿಲ್ಲ. ಮೇಲ್ವಿಚಾರಕನಿಗೆ ಅದು ಅವಮಾನವೆನಿಸಿತ್ತು. ಈ ಸಲ ಹಸಿರಲ್ಲದೆ ಬೇರೆ ಬಣ್ಣ ಕಾಣಬಾರದು ಎಂದು ಅವನು ನಿಶ್ಚಯಿಸಿದ.

ಆ ಬೆಳಿಗ್ಗೆಯೇ ಒಂದು ಯಂತ್ರದಲ್ಲಿ ಕಿತ್ತಳೆ ಬಂತು. ಅದು ಹೆಚ್ಚು ಬಳಕೆಯಲ್ಲಿದ್ದ ಯಂತ್ರವಲ್ಲ. "ಮಲಗಿಸಿ ಹೊರಗೆ ತೆಗೆದುಬಿಡು. ಅವರು ಬರೋದ್ರೊಳಗೆ ಆಗಬೇಕು" ಎಂದು ಚುರುಕುಗಣ್ಣಿನ ಕೆಲಸಗಾರನಿಗೆ ಮೇಲ್ವಿಚಾರಕ ಹೇಳಿದ. ಕೆಲಸಗಾರ ಗುಂಡಿ ತಟ್ಟಿದ, ಯಂತ್ರ ಮಲಗುವವರೆಗೆ ಕಾದ. ನೀಲಿ ದೀಪ ಹಚ್ಚಿದ. ಸಾಲು ಸುತ್ತಿಕೊಂಡು ಹಿಂದಕ್ಕೆ ಹೊರಟ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಅತಿಥಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಮೇಲ್ವಿಚಾರಕ ರ‍್ಯಾಕಿನ ಕಡೆ ನೋಡಿದ. ಅಷ್ಟೂ ಹಸಿರಿನ ನಡುವೆ ಒಂದು ನೀಲಿ.

'ಇಷ್ಟು ಹೊತ್ತಿಗೆ ಅವನು ಯಂತ್ರದ ಮೇಲೆ ಕೈ ಇಟ್ಟಿರುತ್ತಾನೆ. ಇನ್ನು ದೀಪವೇಕೆ?' ಎಂದುಕೊಂಡ. ಬಾಗಿಲ ಕಡೆ ಕಣ್ಣಿಟ್ಟೇ ಬೆರಳು ಚಾಚಿ ಒತ್ತಿದ. ಬೆರಳು ಅದರ ಮೇಲಿನ ಯಂತ್ರದ ಗುಂಡಿಗೆ ಬಿತ್ತು. ಕೆಳಗಿನ ನೀಲಿ ಹಾಗೆಯೇ ಇದ್ದುದನ್ನು ಓರೆಗಣ್ಣಿನಲ್ಲಿ ಕಂಡು ಮತ್ತೊಮ್ಮೆ ಒತ್ತಿದ. ಈ ಸಲ ಸರಿಯಾದ ಗುಂಡಿಯೇ. ಕೆಳಗಿನ ದೀಪ ಆರಿತು. ಅವನು ಬಾಗಿಲಿಗೆ ಓಡಿದ.

ಬಾಗಿಲಲ್ಲಿ ನಿಂತು ತಿರುಗಿದಾಗ ಮೇಲಿನ ಯಂತ್ರದಲ್ಲಿ ನೀಲಿ ಉರಿಯುತ್ತಿತ್ತು. ಅದು ತನ್ನ ಬೆರಳು ಹಚ್ಚಿದ್ದು ಎಂದು ಅವನಿಗೆ ಆಗ ತಿಳಿಯಿತು. ಆರಿಸಲು ಹೆಜ್ಜೆ ಎತ್ತಿದ. ಅಷ್ಟರಲ್ಲಿ ಆ ನೀಲಿ ತಾನಾಗಿ ಆರಿತು. ಅದರ ಪಕ್ಕದ ಹಸಿರೂ ಆರಿತು.

ಹಿಂದೆ ಇದ್ದ ಕೆಲಸಗಾರ ದೀಪ ನೋಡಿದ್ದ, ಕೈ ಇಟ್ಟಿದ್ದ, ಕೇಬಲ್ಲುಗಳನ್ನು ಎಳೆದಿದ್ದ. ಕಟ್ಟಳೆಯಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ. ಕೇಬಲ್ ಎಳೆದ ಮೇಲೆ ಯಂತ್ರದಲ್ಲಿ ಯಾವ ದೀಪವೂ ಉಳಿಯುವುದಿಲ್ಲ. ಅಲ್ಲಿ ನೀಲಿ ಉರಿದಿತ್ತು ಎನ್ನುವುದಕ್ಕೆ ಅವನ ಕಣ್ಣಲ್ಲದೆ ಬೇರೆ ಸಾಕ್ಷಿ ಇರಲಿಲ್ಲ. ಮೇಲ್ವಿಚಾರಕನ ಕಣ್ಣು ಇತ್ತು.

ಸತ್ತ ಯಂತ್ರ ರಕ್ತಪರೀಕ್ಷೆಗಳದ್ದು. ಅದು ಮತ್ತೆ ಎದ್ದು ಕೆಲಸಕ್ಕೆ ನಿಲ್ಲುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರೋಗಿಗಳು ಸಾಲಿನಲ್ಲಿ ನಿಂತೇ ಇದ್ದರು. ಶಸ್ತ್ರಚಿಕಿತ್ಸೆಗೆಂದು ಮಲಗಿಸಿದ್ದ ಒಬ್ಬ ಮುದುಕಿಯನ್ನು ಮತ್ತೆ ವಾರ್ಡಿಗೆ ಕಳುಹಿಸಿದರು. ಜೀವಕ್ಕೆ ಅಪಾಯವಾಗಲಿಲ್ಲ. ಆಗಬಹುದಿತ್ತು.

ಸಂಜೆ ಮುಖ್ಯಸ್ಥರು ಎಲ್ಲರನ್ನೂ ಕರೆಸಿದರು.

"ನೀಲಿ ದೀಪ ನೋಡಿದೆ ಸಾರ್. ಕೈ ಇಟ್ಟೆ. ಆಮೇಲೇ ಎಳೆದದ್ದು" ಎಂದ ಕೆಲಸಗಾರ.

"ನೀನು ಹಚ್ಚಿದ್ದು ಯಾವುದರಲ್ಲಿ?"

"ಕೆಳಗಿನದರಲ್ಲಿ."

"ನೋಡಿದ್ದು?"

"ಮೇಲಿನದರಲ್ಲಿ ಸಾರ್."

"ಏನಪ್ಪ, ದೀಪ ಮೆಟ್ಟಿಲು ಹತ್ತಿ ಹೋಯಿತಾ?" ಎಂದರು ಮುಖ್ಯಸ್ಥರು. ಕೋಣೆಯಲ್ಲಿದ್ದವರು ನಕ್ಕರು. ಮುಖ್ಯಸ್ಥರು ಮೇಲ್ವಿಚಾರಕನ ಕಡೆ ತಿರುಗಿದರು. "ನೀವೇನು ಹೇಳ್ತೀರಿ?"

ಹೇಳಬೇಕಾದದ್ದು ಮೇಲ್ವಿಚಾರಕನ ಗಂಟಲವರೆಗೆ ಬಂತು. ಆದರೆ ಕಟ್ಟಳೆ ಅವನದು. ಅದನ್ನು ಮುರಿದವನೂ ತಾನೇ ಎಂದು ಕೈಕೆಳಗಿನವರೆಲ್ಲ ನಿಂತಿರುವಾಗ ಹೇಳಬೇಕಿತ್ತು. ನಾಲಿಗೆ ಬೇರೆ ಮಾತು ಹುಡುಕಿಕೊಂಡಿತು.

"ನೋಡಿದೆ ಅಂದುಕೊಂಡಿರ್ತೀಯ ಕಣಪ್ಪ" ಎಂದು ಅವನು ಕೆಲಸಗಾರನಿಗೆ ಹೇಳಿದ. ದನಿ ಮೃದುವಾಗಿತ್ತು.

ಕೆಲಸಗಾರ ಅವನ ಮುಖವನ್ನೇ ನೋಡಿದ. ದೀಪ ಓದಲು ಕಲಿಸಿದ ಮನುಷ್ಯ ಅವನೇ.

"ಹಾಗೇ ಇರಬೇಕು ಸಾರ್" ಎಂದ.

ಮುಖ್ಯಸ್ಥರು ಕೆಲಸಗಾರನನ್ನು ಅಂದೇ ಕೆಲಸದಿಂದ ತೆಗೆಯಲು ಹೊರಟರು. ಮೇಲ್ವಿಚಾರಕ ಅಡ್ಡ ಬಂದ. "ಇದೊಂದು ಸಲ ಬಿಟ್ಟುಬಿಡಿ ಸಾರ್. ಇನ್ನು ಮೇಲೆ ಇವನಿಗೆ ನಾನು ಹೊಣೆ" ಎಂದು ಕೈಮುಗಿದ. ಅವನ ಮಾತಿಗೆ ಅಲ್ಲಿ ಬೆಲೆ ಇತ್ತು. ಕೆಲಸ ಉಳಿಯಿತು.

ಈ ಸುದ್ದಿ ಆಸ್ಪತ್ರೆಯಲ್ಲೆಲ್ಲ ಹರಡಿತು. "ಇದ್ದರೆ ಇಂಥ ಮೇಲಿನವರು ಇರಬೇಕು. ಕೈಕೆಳಗಿನವನ ತಪ್ಪನ್ನ ತಾವು ಹೊತ್ಕೊಂಡ್ರು" ಎಂದು ಜನ ಹೊಗಳಿದರು. ಹೊಗಳಿದಾಗಲೆಲ್ಲ ಮೇಲ್ವಿಚಾರಕ ತಲೆ ತಗ್ಗಿಸುತ್ತಿದ್ದ. ಅದು ವಿನಯ ಎಂದು ಜನ ತಿಳಿದರು.

ಹಬ್ಬದ ದಿನ ಕೆಲಸಗಾರನ ಹೆಂಡತಿ ಡಬ್ಬಿಯ ತುಂಬ ಹೋಳಿಗೆ ತಂದಳು. "ನಮ್ಮನೆ ಒಲೆ ಉರೀತಿರೋದು ನಿಮ್ಮಿಂದ ಅಣ್ಣ" ಎಂದಳು. ಮೇಲ್ವಿಚಾರಕ ಡಬ್ಬಿಯನ್ನು ಮನೆಗೆ ಒಯ್ದ. ತಿನ್ನಲು ಆಗಲಿಲ್ಲ. ಎಸೆಯಲೂ ಆಗಲಿಲ್ಲ. ಹೋಳಿಗೆ ಹಳಸಿತು. ಡಬ್ಬಿಯನ್ನು ತೊಳೆದು ಹಿಂದಿರುಗಿಸುವಾಗ, "ಚೆನ್ನಾಗಿತ್ತಮ್ಮ" ಎಂದ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಅವನು ಕೆಟ್ಟವನಲ್ಲ. ಮಾಡಿದ್ದನ್ನು ತೀರಿಸಬೇಕೆಂದು ಅವನಿಗೆ ನಿಜವಾಗಿ ಅನಿಸಿತ್ತು. ಕೆಲಸಗಾರನಿಗೆ ರಾತ್ರಿ ಪಾಳಿ ತಪ್ಪಿಸಿದ. ಭಾರದ ಯಂತ್ರಗಳನ್ನು ಎತ್ತುವಾಗ ತಾನೇ ಹೆಗಲು ಕೊಟ್ಟ. ಅವನ ಮಗಳಿಗೆ ಜ್ವರ ಬಂದಾಗ ದೊಡ್ಡ ವೈದ್ಯರ ಬಳಿ ತಾನೇ ಕರೆದುಕೊಂಡು ಹೋದ. ಕೆಲಸಗಾರ ಪ್ರತಿಸಲವೂ ಕೃತಜ್ಞನಾದ. ತಪ್ಪು ಮಾಡಿದ ತನ್ನಂಥವನಿಗೆ ಇಷ್ಟು ಒಳ್ಳೆಯದು ಮಾಡುವವರುಂಟೇ ಎಂದು ಎಲ್ಲರೆದುರು ಹೇಳಿಕೊಂಡ. ಒಳ್ಳೆಯದು ಹೆಚ್ಚಿದಂತೆಲ್ಲ, ತಪ್ಪು ತನ್ನದೇ ಎಂಬ ಅವನ ನಂಬಿಕೆಯೂ ಗಟ್ಟಿಯಾಯಿತು.

ಅವನ ಕೆಲಸದ ರೀತಿ ಬದಲಾಯಿತು. ನೀಲಿ ದೀಪ ಹಚ್ಚಿ ಹಿಂದಕ್ಕೆ ಹೋಗುತ್ತಿದ್ದ. ನೋಡುತ್ತಿದ್ದ. ನಂಬಿಕೆ ಬಾರದೆ ಮುಂದಕ್ಕೆ ಬರುತ್ತಿದ್ದ. ಮತ್ತೆ ಹಿಂದಕ್ಕೆ ಹೋಗುತ್ತಿದ್ದ. ಕೊನೆಗೆ ಜೊತೆಯವರನ್ನು ಕರೆಯುತ್ತಿದ್ದ.

"ಸ್ವಲ್ಪ ಬಾರೋ. ಇದು ನೀಲಿನೇ ಅಲ್ವಾ?"

"ಅಲ್ಲ ಗುರೂ, ಅದು ನಿನ್ನ ಮಾವನ ಮನೆ ಪೆಟ್ರೋಮ್ಯಾಕ್ಸು" ಎಂದು ಅವರು ನಗುತ್ತಿದ್ದರು. ಮೊದಮೊದಲು ಬಂದು ನೋಡುತ್ತಿದ್ದರು. ಆಮೇಲೆ ಬರುವುದನ್ನೂ ಬಿಟ್ಟರು. ಅವನು ಕರೆಯುವುದನ್ನೂ ಬಿಟ್ಟ.

ಒಂದು ಬೆಳಿಗ್ಗೆ ಮೇಲ್ವಿಚಾರಕ ದಾರಿಯಲ್ಲಿ ಅವನನ್ನು ಕಂಡ. ಮೊದಲು ಅವನು ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಈಗ ನಡೆಸಿಕೊಂಡು ಹೋಗುತ್ತಿದ್ದ. ಸಿಗ್ನಲ್ಲಿನ ಬಳಿ ಅವಳ ಕೈ ಹಿಡಿದು ನಿಂತಿದ್ದ. ಎದುರಿನ ದೀಪ ಅವನಿಗೆ ಕಾಣುವಂತೆಯೇ ಇತ್ತು.

"ಹಸಿರು ಬಂತೇನಮ್ಮ?" ಎಂದು ಮಗಳನ್ನು ಕೇಳಿದ.

"ಬಂತಲ್ಲಪ್ಪ, ಕಾಣಲ್ವಾ?" ಎಂದಳು ಅವಳು. ಆಮೇಲೆ ಅವನು ರಸ್ತೆ ದಾಟಿದ.

ಮೇಲ್ವಿಚಾರಕ ಮರದ ಮರೆಗೆ ಸರಿದು ನಿಂತ. ಅವರು ಹೋಗುವವರೆಗೆ ಈಚೆ ಬರಲಿಲ್ಲ.

ಅಂದು ಹೇಳಿಬಿಡಬೇಕೆಂದು ನಿಶ್ಚಯಿಸಿದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನ ಎದುರು ಕುಳಿತ. "ಆ ದಿನದ ವಿಷಯ..." ಎಂದು ಶುರುಮಾಡಿದ.

"ಬೇಡಿ ಸಾರ್. ಅದನ್ನ ನೆನೆಸಿಕೊಂಡ್ರೆ ನಿಮ್ಮ ಮುಖ ನೋಡೋಕೆ ನಾಚಿಕೆಯಾಗುತ್ತೆ" ಎಂದ ಕೆಲಸಗಾರ.

ಮೇಲ್ವಿಚಾರಕ ಚಹಾ ಕುಡಿದು ಎದ್ದ. 'ಅವನೇ ಬೇಡ ಎಂದ ಮೇಲೆ ನಾನೇನು ಮಾಡಲಿ?' ಎಂದು ತನಗೆ ತಾನೇ ಹೇಳಿಕೊಂಡ. ಈಗ ಹೇಳಿದರೆ ಅವನಿಗೆ ಇನ್ನೂ ನೋವಾಗುತ್ತದೆ ಎಂದೂ ಹೇಳಿಕೊಂಡ. ತನಗೆ ಎಷ್ಟು ನೋವಾಗುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆದರೂ ಏನಾದರೂ ಮಾಡಬೇಕಿತ್ತು. ಕೆಲಸಗಾರನನ್ನು ಆಸ್ಪತ್ರೆಯ ಕಣ್ಣಿನ ವೈದ್ಯರ ಬಳಿ ತಾನೇ ಕರೆದೊಯ್ದ. ಹೊರಗೆ ಬೆಂಚಿನ ಮೇಲೆ ಕುಳಿತು ಕಾಯುವಾಗ ಮೇಲ್ವಿಚಾರಕ ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತ. ಇವನ ಕಣ್ಣಿನಲ್ಲಿ ಏನಾದರೂ ಸಣ್ಣ ದೋಷ ಸಿಗಲಿ. ಸ್ವಲ್ಪವಾದರೂ ಸಿಗಲಿ. ಆಗ ಆ ದಿನವೂ ಅವನು ತಪ್ಪಾಗಿ ನೋಡಿರಬಹುದು ಎಂದಾಗುತ್ತದೆ. ಏನನ್ನು ಬೇಡುತ್ತಿದ್ದೇನೆ ಎಂದು ಹೊಳೆದಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವೈದ್ಯರು ಹೊರಗೆ ಬಂದರು. "ಇವರ ಕಣ್ಣಿಗೆ ಏನಾಗಿದೆ ಅಂತ ಕರ್ಕೊಂಡು ಬಂದ್ರಿ? ನನ್ನ ಕಣ್ಣು ಹೀಗಿದ್ದಿದ್ರೆ ಸಾಕಿತ್ತು" ಎಂದರು.

ಕೆಲಸಗಾರನಿಗೆ ಸಂತೋಷವಾಗಲಿಲ್ಲ. ಮೆಟ್ಟಿಲಿಳಿಯುವಾಗ ಅವನು ಸ್ವಲ್ಪ ನಕ್ಕ. "ಕಣ್ಣು ಸರಿ ಇದ್ರೆ ತಲೆ ಸರಿ ಇಲ್ಲ ಅಂತಾಯ್ತು. ಅಲ್ವಾ ಸಾರ್?" ಎಂದ.

"ಹಾಗೆಲ್ಲ ಮಾತಾಡಬೇಡ" ಎಂದ ಮೇಲ್ವಿಚಾರಕ.

ಅವನನ್ನು ರ‍್ಯಾಕುಗಳ ಹಿಂದಿನ ಕೆಲಸದಿಂದ ಮೇಲ್ವಿಚಾರಕ ಬಿಡಿಸಿದ. ಗಾಜಿನ ಗೋಡೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದ. "ನೀನು ಇಲ್ಲೇ ಕೂತು ದೀಪಗಳ ಮೇಲೆ ಕಣ್ಣಿಟ್ಟಿರು. ಯಾವುದನ್ನೂ ಮುಟ್ಟೋದು ಬೇಡ" ಎಂದ. ಅದು ಇದ್ದ ಕೆಲಸಗಳಲ್ಲೆಲ್ಲ ಹಗುರವಾದದ್ದು. ಕೆಲಸಗಾರ ಅದಕ್ಕೂ ಕೈಮುಗಿದ. ಮೇಲ್ವಿಚಾರಕ ಆ ರಾತ್ರಿ, ಬಹಳ ದಿನಗಳ ಮೇಲೆ, ನಿದ್ದೆ ಮಾಡಿದ. ಲೆಕ್ಕ ತೀರಿತು ಎಂದುಕೊಂಡ.

ಒಂದು ಮಧ್ಯಾಹ್ನ ತುರ್ತು ಚಿಕಿತ್ಸಾ ವಿಭಾಗದ ಯಂತ್ರ ನಿಂತುಹೋಯಿತು. ವೈದ್ಯರಿಗೆ ಯಾವ ರೋಗಿಗೆ ಯಾವ ಔಷಧ ಕೊಟ್ಟಿದೆ ಎಂದು ತಿಳಿಯದಾಯಿತು. ದಾದಿಯರು ಹಾಸಿಗೆಯಿಂದ ಹಾಸಿಗೆಗೆ ಓಡಿದರು. ಮೇಲ್ವಿಚಾರಕ ಊಟದ ಕೈಯಲ್ಲೇ ಕೆಳಗೆ ಓಡಿಬಂದ. ಯಂತ್ರದ ಮುಂದೆ ಕೆಂಪು ದೀಪ. ಕೆಂಪು ಒಮ್ಮೆಲೇ ಬರುವ ಯಂತ್ರವಲ್ಲ ಅದು. ಬಹಳ ಹೊತ್ತು ಕಿತ್ತಳೆ ತೋರಿಸಿಯೇ ಕೆಂಪಿಗೆ ಹೋಗುತ್ತದೆ. ಅದರ ಎದುರಿಗೇ ಕುರ್ಚಿ. ಕುರ್ಚಿಯ ಮೇಲೆ ಕೆಲಸಗಾರ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಕಿತ್ತಳೆ ಬಂದದ್ದು ನೋಡಲಿಲ್ವೇನೋ?" ಎಂದು ಮೇಲ್ವಿಚಾರಕ ಕೂಗಿದ.

"ನೋಡಿದೆ ಸಾರ್. ಬೆಳಿಗ್ಗೆನೇ ನೋಡಿದೆ."

"ಮತ್ತೆ ಹೇಳೋಕೇನಾಗಿತ್ತು?"

ಕೆಲಸಗಾರ ತಲೆ ಎತ್ತಿದ. ಅವನ ದನಿಯಲ್ಲಿ ದೂರು ಇರಲಿಲ್ಲ. ಕಲಿತ ಪಾಠವನ್ನು ಒಪ್ಪಿಸುವವನಂತೆ ಹೇಳಿದ.

"ನೋಡಿದೆ ಅಂದುಕೊಂಡಿರ್ತೀನಿ ಅಂತ ಸುಮ್ಮನಾದೆ ಸಾರ್."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕಲ್ಲೇಶ ಕಾದ.

"ಆಮೇಲೆ, ಗುರುಗಳೇ? ಆಗಲಾದರೂ ಅವನು ಹೇಳಿದನೇ?"

ಹೊರಗೆ ಉಗ್ರಾಣದ ಕಡೆಯಿಂದ ಬೀಗ ಬಿದ್ದ ಸದ್ದು ಕೇಳಿತು. ಹೆಜ್ಜೆಗಳು ದೂರವಾದವು. ನಿಂತವು. ಮತ್ತೆ ಹತ್ತಿರ ಬಂದವು. ಯಾರೋ ಬೀಗವನ್ನು ಎಳೆದರು. ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು. ಹೆಜ್ಜೆಗಳು ಹೋದವು, ಮತ್ತೆ ಬಂದವು. ಬೀಗ ಮತ್ತೆ ಬಡಿಯಿತು.

ಕಲ್ಲೇಶನ ಕಿವಿಗಳು ಕೆಂಪಾದವು. ಅವನು ನೆಲ ನೋಡಿದ.

"ಹುಣ್ಣಿಮೆಯ ಹಿಂದಿನ ಸಂಜೆ ತಾನು ಬೀಗ ಹಾಕಿಯೇ ಇದ್ದೆ ಎಂದು ಮರುಳಯ್ಯನಿಗೆ ಯಾವಾಗ ತಿಳಿಯುತ್ತದೆ, ಕಲ್ಲೇಶ?" ಎಂದರು ಗುರುಗಳು.